ಎಂಟು ಮೆಣಸಿನ ಗಿಡ, ಒಂದು ಕಿಂಡಿ

ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನು ನಾನು. ಅದರಲ್ಲಿ ನನಗೆಷ್ಟು ತಿಳಿದಿತ್ತು ಎಂಬುದು ಗೊತ್ತಾದದ್ದು ನಿವೃತ್ತನಾದ ಮೇಲೆ, ಎಂಟು ಮೆಣಸಿನ ಗಿಡಗಳ ಮುಂದೆ. ಈ ಮಾತನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳಬೇಡಿ. ಅವರಲ್ಲಿ ಕೆಲವರು ಇನ್ನೂ ನನ್ನನ್ನು ಕಂಡರೆ ಸೈಕಲ್ ಇಳಿಯುತ್ತಾರೆ.

ಗಿಡಗಳು ನನ್ನವಲ್ಲ, ಹೆಂಡತಿ ಗಿರಿಜಾಳವು. ಜಕ್ಕಲಿಯಲ್ಲಿದ್ದ ಅವಳ ತಾಯಿ ವರ್ಷವರ್ಷವೂ ಬೀಜ ಹಿಡಿದು ಉಳಿಸಿಕೊಂಡು ಬಂದ ತಳಿ ಅದು. ಗಿಡ್ಡನೆಯ, ದಪ್ಪ ಕಾಯಿ. ಕೆಂಪು ಚಟ್ನಿಗೆ ಬೇರೆ ಕಾಯಿ ಹಾಕಿದರೆ ಗಿರಿಜಾಳಿಗೆ ಊಟ ಸೇರದು. ತಾಯಿ ಕಾಯಿ ಕಳಿಸುತ್ತಿದ್ದಷ್ಟು ದಿನ ಬೀಜದ ಚಿಂತೆ ನಮಗಿರಲಿಲ್ಲ. ಅವರು ತೀರಿಕೊಂಡ ಮೇಲೆ, ಡಬ್ಬಿಯ ತಳದಲ್ಲಿ ಸಿಕ್ಕ ಹಳೆಯ ಬೀಜವನ್ನೆಲ್ಲ ಬಿತ್ತಿದಳು, ಹುಟ್ಟಿದ್ದು ಎಂಟೇ. ಅವು ಕಾಯಿ ಬಿಡದಿದ್ದರೆ ತಳಿ ಅಲ್ಲಿಗೆ ಮುಗಿಯಿತು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು.

ಗಿಡ ಟೊಂಗೆ ಒಡೆಯಲಿ ಎಂದು ಕುಡಿ ಚಿವುಟುವ ಕೆಲಸವನ್ನು ನಾನೇ ವಹಿಸಿಕೊಂಡೆ. ಶಾಸ್ತ್ರ ಓದಿದವನಲ್ಲವೇ? ತಿಂಗಳೊಳಗೆ ಎಲೆಗಳ ಮೇಲೆ ತಿಳಿ ಹಸಿರು, ಕಡು ಹಸಿರು ಮಚ್ಚೆಗಳೆದ್ದವು, ಕುಡಿ ಮುದುಡಿತು. ನೋಡಿದ ಕೂಡಲೇ ನಂಜು ರೋಗ, ವೈರಸ್ಸಿನದು ಎಂದೆ. ರೋಗದ ಹೆಸರು ಹೇಳುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಎಲ್ಲಿಂದ ಬಂತು? ಕಣ್ಣು ಹಿತ್ತಲ ಗೋಡೆಯ ಕಿಂಡಿಯ ಮೇಲೆ ಬಿತ್ತು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮನೆಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ. ಆಚೆ ಸೀರೆ ನೇಯುವ ಅಂಬವ್ವ, ಈಚೆ ನಾವು. ನಡುವಿನ ಗೋಡೆಯಲ್ಲಿ ಒಂದು ಬಟ್ಟಲು ತೂರುವಷ್ಟು ಕಿಂಡಿ. ಅದರಲ್ಲಿ ಹೆಪ್ಪು ಹೋಗುತ್ತದೆ, ಪುಂಡಿಪಲ್ಯ ಬರುತ್ತದೆ, ಓಣಿಯ ಸುದ್ದಿ ಎರಡೂ ಕಡೆ ಹರಿದಾಡುತ್ತದೆ. ಆಚೆಯ ಹಿತ್ತಲಿನ ಬಿಳಿ ನೊಣಗಳು ರೋಗ ಹೊತ್ತು ಇದರಲ್ಲೇ ಬಂದಿವೆ ಎಂದು ತೀರ್ಪು ಕೊಟ್ಟು, ಇಟ್ಟಿಗೆ ಇಟ್ಟು ಸಿಮೆಂಟ್ ಬಳಿದೆ. ಗೋಡೆ ಬರೀ ಆಳೆತ್ತರ, ನೊಣಕ್ಕೆ ರೆಕ್ಕೆಗಳಿವೆ ಎಂಬುದು ಆಗ ಹೊಳೆಯಲಿಲ್ಲ.

"ಏನ್ ತಪ್ಪಾತ್ರಿ ಮಾಸ್ತರ?" ಎಂದು ಅಂಬವ್ವ ಆಚೆಯಿಂದ ಕೇಳಿದಳು.

"ನಿಮ್ಮ ಕಡಿಂದ ರೋಗ ಬರಾಕತ್ತೈತಿ" ಎಂದೆ. ಆಮೇಲೆ ಅವಳ ಮಗ್ಗದ ಸಪ್ಪಳವಷ್ಟೇ ಕೇಳಿಸಿತು. ಗಿರಿಜಾ ಎರಡು ದಿನ ನನ್ನ ಜೊತೆ ತೀರ ಬೇಕಾದಷ್ಟೇ ಮಾತಾಡಿದಳು.

ಮೂರನೆಯ ಸಂಜೆ ಅವಳನ್ನು ಸಮಾಧಾನ ಮಾಡಲೆಂದು, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತ, ಪಾಠ ಶುರು ಮಾಡಿದೆ. ಗಿಡದ ಪ್ರತಿ ಜೀವಕೋಶಕ್ಕೂ ಗಟ್ಟಿ ಗೋಡೆಯಿದೆ. ಗಾಯವಾಗದೆ ವೈರಸ್ ಒಳಗೆ ಹೋಗಲಾರದು. ಒಮ್ಮೆ ಹೊಕ್ಕಿತೋ, ಪಕ್ಕದ ಕೋಶಕ್ಕೆ ದಾಟಲು ಅದು ಗೋಡೆ ಒಡೆಯುವುದಿಲ್ಲ. ಕೋಶಗಳ ನಡುವೆ ಮೊದಲಿನಿಂದಲೂ ಸಣ್ಣ ಕಿಂಡಿಗಳಿವೆ. ವೈರಸ್ಸಿಗೆ ಅವು ತೀರ ಇಕ್ಕಟ್ಟು. ಅದಕ್ಕೇ ಅದು ಹೊಕ್ಕ ಮನೆಯ ಸಾಮಾನಿನಿಂದಲೇ ಒಂದು ಪ್ರೋಟೀನ್ ಮಾಡಿಸಿ ಕಿಂಡಿಯನ್ನು ಹಿಗ್ಗಿಸುತ್ತದೆ. ತನ್ನ ಮೇಲಂಗಿಯನ್ನೂ ಕಳಚಿಟ್ಟು, ಒಳಗಿನ ಎಳೆಯಷ್ಟೇ ಆಗಿ ಆಚೆ ನುಸುಳುತ್ತದೆ. ಮುಂದೆ ಆಹಾರ ಸಾಗುವ ನಾಳ ಸಿಕ್ಕರೆ ಇಡೀ ಗಿಡ ಅದರದೇ.

"ಹಂಗಾದ್ರ ಗಿಡ ಆ ಕಿಂಡಿ ಮುಚ್ಚಬಾರದೇನ್ರಿ?"

"ಮುಚ್ಚಾಕ ನೋಡತೈತಿ. ಪೂರಾ ಮುಚ್ಚಿದ್ರ ಕೋಶ ಉಪವಾಸ ಸಾಯ್ತೈತಿ. ಊಟ, ಸುದ್ದಿ ಎಲ್ಲಾ ಅದರಾಗ ಬರೋದು."

ಹೇಳುತ್ತಿರುವಾಗ ನನಗೇ ಒಂದಿಷ್ಟು ಇರುಸುಮುರುಸಾಯಿತು. ಗಿರಿಜಾ ನಾನು ಬಳಿದ ಸಿಮೆಂಟಿನ ಕಡೆ ನೋಡಿದಳು. ಆಮೇಲೆ ರೋಗದ ಹೆಸರು ಕೇಳಿದಳು.

"ತಂಬಾಕಿನ ಮೊಸಾಯಿಕ್."

"ಮೆಣಸಿನ ಗಿಡಕ್ಕ ತಂಬಾಕ ಎಲ್ಲಿಂದ ಬಂತ್ರಿ?"

ತಿಕ್ಕುತ್ತಿದ್ದ ಹೆಬ್ಬೆರಳು ಅಲ್ಲೇ ನಿಂತಿತು. ಒಣಗಿದ ತಂಬಾಕಿನಲ್ಲೂ ಈ ವೈರಸ್ ವರ್ಷಗಟ್ಟಲೆ ಉಳಿಯುತ್ತದೆ, ಮುಟ್ಟಿದ ಕೈಯಿಂದ ಗಿಡಕ್ಕೆ ದಾಟುತ್ತದೆ, ಇದಕ್ಕೆ ನೊಣದ ಹಂಗಿಲ್ಲ. ಪರೀಕ್ಷೆಯಲ್ಲಿ ನಾನೇ ಕೇಳುತ್ತಿದ್ದ ಪ್ರಶ್ನೆ! ದಿನವೂ ಚಿಟಿಕೆ ತಂಬಾಕು ಬಾಯಿಗಿಟ್ಟು, ಅದೇ ಬೆರಳಿನಿಂದ ಎಂಟೂ ಗಿಡಗಳ ಕುಡಿ ಚಿವುಟಿದ್ದೆ. ಗಾಯ ಮಾಡಿದವನೂ ನಾನೇ, ರೋಗ ಹಚ್ಚಿದವನೂ ನಾನೇ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. "ನನ್ನ ಕೈಲೇ ಬಂದೈತಿ" ಎಂದೆ. ಬೈದಿದ್ದರೆ ಹಗುರಾಗುತ್ತಿತ್ತು. "ಅವ್ವನ ಬೀಜ" ಎಂದಷ್ಟೇ ಹೇಳಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈ ರೋಗಕ್ಕೆ ಮದ್ದಿಲ್ಲ. ಮರುದಿನ ಬೆಳಿಗ್ಗೆ ಎಂಟೂ ಗಿಡಗಳನ್ನು ಕಿತ್ತು ಸುಟ್ಟೆವು. ನಾನು ಓಣಿ ಸುತ್ತಿಕೊಂಡು ಅಂಬವ್ವನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವಳು ಮಗ್ಗ ಬಿಟ್ಟೆದ್ದು ತನ್ನ ಹಿತ್ತಲಿಗೆ ಕರೆದೊಯ್ದಳು. ಒಡಕು ಬಕೆಟ್ಟಿನಲ್ಲಿ ಎರಡು ಮೆಣಸಿನ ಗಿಡ. ಗಿಡ್ಡನೆಯ, ದಪ್ಪ ಕಾಯಿ, ಕೆಂಪಾಗಿದ್ದವು.

"ಹೋದ ವರ್ಷ ಅಕ್ಕಾರು ಕಿಂಡ್ಯಾಗ ಕೊಟ್ಟ ಕಾಯಿ ಬೀಜ ಇವು. ಹಣ್ಣಾದ ಮ್ಯಾಲ ಬಟ್ಟಲ ತುಂಬ ಕೊಟ್ಟು ಅವರಿಗೆ ಖುಷಿ ಮಾಡೋಣಂತ ಸುಮ್ನಿದ್ದೆ. ಅಷ್ಟರಾಗ ನೀವು ಕಿಂಡೀನ ಮುಚ್ಚಿದ್ರಿ."

ಖುಷಿಗೆ ಕೈ ಚಾಚಿಬಿಟ್ಟೆ. ಅವಳು ಗಿಡಕ್ಕೆ ಅಡ್ಡ ನಿಂತಳು. "ನೀವು ಮುಟ್ಟಬ್ಯಾಡ್ರಿ ಮಾಸ್ತರ. ಮೊದ್ಲ ಆ ಇಟ್ಟಂಗಿ ತಗೀರಿ. ಅಕ್ಕಾರ ಕೈಯಾಗ ಕೊಡ್ತೀನಿ."

ಬಳಿಯಲು ಅರ್ಧ ಗಂಟೆ ಸಾಕಾಗಿದ್ದ ಸಿಮೆಂಟನ್ನು ಕೀಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಚೆಯಿಂದ ಬಟ್ಟಲು ಬಂತು, ಈಚೆಯಿಂದ ಗಿರಿಜಾಳ ಎರಡೂ ಕೈ ಹೋದವು. ನಾನು ಎರಡೆರಡು ಸಲ ಸೋಪು ಹಚ್ಚಿ ಕೈ ತೊಳೆದು, ಬೆನ್ನ ಹಿಂದೆ ಕಟ್ಟಿಕೊಂಡು, ದೂರ ನಿಂತೆ. ಆ ತಳಿಗಾಗಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.