ಲಿಯೋನಾಳ ಗಾಡಿಗೆ ಒಂದು ಸುತ್ತು ಜಾಸ್ತಿ

ಧಪ್. ಅರೆಗಳಿಗೆ ಬಿಟ್ಟು ಇನ್ನೊಂದು ಧಪ್.

ಕಾರಿನ ಬಾಗಿಲಂಚಿಗೆ ರಬ್ಬರ್ ಸುತ್ತಿಗೆ ಬೀಳುವ ಸದ್ದು ಅದು. ಲಿಯೋನಾ ಪ್ರೂಯಿಟ್ ಬಾಗಿಲನ್ನು ಎಳೆದು ಮುಚ್ಚಿ ಕಿವಿಗೊಟ್ಟಳು. ಗೋಧಿ ಮೂಟೆ ನೆಲಕ್ಕೆ ಬಿದ್ದ ಹಾಗೆ ಕೇಳಿಸಿದರೆ ಸರಿ. ತಟ್ಟೆ ಬಿದ್ದ ಹಾಗೆ ಕೇಳಿಸಿದರೆ ತಿರುಗಣಿಯ ಬಳಿ ಮರದ ತುಂಡು ಕೊಟ್ಟು, ಸೊಂಟ ಒತ್ತಿ ಬಾಗಿಲನ್ನು ಒಂದಿಷ್ಟು ಬಗ್ಗಿಸಿ, ಮತ್ತೆ ಸುತ್ತಿಗೆ ಎತ್ತಬೇಕು. ಅಷ್ಟರಲ್ಲಿ ಕಾರು ಜೋಡಿಸುವ ಸಾಲು ಮುಂದೆ ಸರಿದು ಇನ್ನೊಂದು ಕಾರು ಬಂದು ನಿಂತಿರುತ್ತದೆ. ಅಮೆರಿಕದ ಫ್ಲಿಂಟ್ ಊರಿನ ಈ ಕಾರು ಕಾರ್ಖಾನೆಯಲ್ಲಿ ಆಕೆ ಮೊದಲು ಸೀಟಿನ ಬಟ್ಟೆ ಹೊಲಿಯುತ್ತಿದ್ದಳು. ಬಾಗಿಲು ಕೂರಿಸುವ ಕೆಲಸಕ್ಕೆ ಬಂದ ಮೊದಲ ಹೆಂಗಸೂ ಅವಳೇ. ಆಗ ಗಂಡಸರು ಅವಳ ಸುತ್ತಿಗೆಯನ್ನು ಬಚ್ಚಿಟ್ಟು ನಗುತ್ತಿದ್ದರು. ಈಗ ಅವಳು ರಜೆ ಹಾಕಿದ ದಿನ ಬಾಗಿಲುಗಳು ಅಳುತ್ತವೆ ಎಂದು ಅವರೇ ಹೇಳುತ್ತಾರೆ.

ಇವತ್ತು ಅವಳ ಕಿವಿ ಬಾಗಿಲಿನ ಮೇಲಿರಲಿಲ್ಲ. ಹೊರಗೆ ಕಾರ್ಖಾನೆಯ ಅಂಗಳದಲ್ಲಿ, ಹಿಮ ಹೊದ್ದ ನೂರಾರು ಅಮೆರಿಕನ್ ಕಾರುಗಳ ನಡುವೆ, ತಾನು ನಿಲ್ಲಿಸಿ ಬಂದ ಹಳದಿ ಬಣ್ಣದ ಪುಟ್ಟ ಜಪಾನಿ ಕಾರಿನ ಮೇಲಿತ್ತು.

ಅಂಗಳದ ಬಾಗಿಲಲ್ಲಿ ಯೂನಿಯನ್ನಿನವರು ಹಾಕಿಸಿದ ಹಲಗೆ ಇದೆ. ಪರದೇಶದ ಕಾರುಗಳಿಗೆ ಇಲ್ಲಿ ಜಾಗವಿಲ್ಲ, ರೈಲು ಹಳಿಯಾಚೆ ನಿಲ್ಲಿಸಿಕೊಳ್ಳಿ. ಅದು ಲಿಯೋನಾಳಿಗೆ ಗೊತ್ತಿಲ್ಲದ್ದೇನಲ್ಲ. ಆ ಹಲಗೆ ಹಾಕುವುದಕ್ಕೆ ಕೈಯೆತ್ತಿದವರಲ್ಲಿ ಅವಳೂ ಒಬ್ಬಳು. ಆದರೆ ಆ ಹಳಿಯ ಮೇಲೆ ಗೂಡ್ಸ್ ರೈಲು ಬಂದು ನಿಂತರೆ ಮಲಗಿದ ಹಾವಿನ ಹಾಗೆ, ಅದಾಗಿಯೇ ಏಳಬೇಕು. ಕಾಯುವುದಕ್ಕೆ ಅವಳ ಹತ್ತಿರ ಹೊತ್ತಿರಲಿಲ್ಲ. ಪಾಳಿ ಮುಗಿದ ಕೂಡಲೇ ಮನೆಗೆ ಓಡಿ, ಗಂಡ ಆರ್ವಿಲ್‌ನನ್ನು ಹತ್ತಿಸಿಕೊಂಡು ಆಸ್ಪತ್ರೆ ಸೇರಬೇಕು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಲ್ಲಿ ಅವನಿಗೊಂದು ಕುರ್ಚಿ ಗೊತ್ತುಮಾಡಿ ಕೊಟ್ಟಿದ್ದಾರೆ, ಕಿಟಕಿಯ ಪಕ್ಕದ್ದು. ಈ ತಿಂಗಳಲ್ಲಿ ಆಗಲೇ ಎರಡು ಸಲ ತಡವಾಗಿತ್ತು.

"ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿಲ್ಲ ಕಣಮ್ಮ," ಎಂದಿದ್ದಳು ಅಲ್ಲಿನ ದಾದಿ. "ಆ ಕುರ್ಚಿಗೆ ಕಾಯ್ತಿರೋರು ಸಾಲುಗಟ್ಟಿ ನಿಂತಿದಾರೆ. ಆಮೇಲೆ ನಿಮಗೆ ಡೆಟ್ರಾಯಿಟ್ಟೇ ಗತಿ."

ಡೆಟ್ರಾಯಿಟ್‌ಗೆ ವಾರಕ್ಕೆ ಮೂರು ಸಲ ಹೋಗಿ ಬರುವುದೆಂದರೆ ಕೆಲಸ ಬಿಡಬೇಕು. ಕೆಲಸ ಬಿಟ್ಟರೆ ಕಂಪನಿಯ ವಿಮೆ ಇಲ್ಲ. ವಿಮೆ ಇಲ್ಲದಿದ್ದರೆ ಕುರ್ಚಿ ಎಲ್ಲಿದ್ದರೇನು. ಲಿಯೋನಾ ಈ ಮೂರು ಮಾತನ್ನೂ ದಿನವಿಡೀ ಮನಸ್ಸಿನಲ್ಲಿ ಹಿಂದುಮುಂದಾಗಿ ಪೋಣಿಸಿ ನೋಡುತ್ತಿದ್ದಳು. ಎತ್ತಲಿಂದ ಹಿಡಿದರೂ ಕೊನೆಯ ಮಣಿ ಆರ್ವಿಲ್‌ನ ಊದಿದ ಕಾಲೇ.

ತಡವಾದದ್ದು ಅವಳ ಸ್ವಂತ ಗಾಡಿಯಿಂದ. ಅದರ ಕಥೆ ಕಾರ್ಖಾನೆಗೆಲ್ಲ ಗೊತ್ತು, ಅರ್ಧ ಮಾತ್ರ.

ಅಲ್ಲಿ ಒಂದು ವಾಡಿಕೆಯಿದೆ. ಕೆಲಸದವರಲ್ಲಿ ಯಾರಾದರೂ ಕಂಪನಿಯ ಕಾರು ತೆಗೆದುಕೊಂಡರೆ ಅದು ಸಾಲಿನ ಮೇಲೆ ಬರುವ ದಿನ ಸುದ್ದಿ ಮುಂದೆ ಹೋಗುತ್ತದೆ. ಯಾರೋ ಸೀಮೆಸುಣ್ಣದಲ್ಲಿ ಬಾನೆಟ್ಟಿನ ಮೇಲೆ ಹೆಸರು ಬರೆಯುತ್ತಾರೆ. ಮನೆಮಗಳನ್ನು ಕಳಿಸಿಕೊಡುವಂತೆ ಆ ಕಾರನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಹೋದ ವರ್ಷ 'ಲಿಯೋನಾಳ ಗಾಡಿ' ಬಂದಾಗ ಬಣ್ಣದವರು ಇನ್ನೊಂದು ಕೈ ಬಣ್ಣ ಕೊಟ್ಟರು. ಹೊಲಿಗೆಯ ಹೆಂಗಸರು ಒಳ್ಳೆಯ ಬಟ್ಟೆ ಆರಿಸಿ ಇಟ್ಟಿದ್ದರು. ಬಾಗಿಲುಗಳನ್ನು ಅವಳೇ ಕೂರಿಸಿದಳು. ಇಂಜಿನ್ ವಿಭಾಗದ ಹಾಲಿಸ್ ಟೇಟ್ ಮಾಡಿದ್ದು ಎಲ್ಲರಿಗಿಂತ ಹೆಚ್ಚು. ನಟ್ಟು ಬಿಗಿಸುವ ಗಾಳಿಯಂತ್ರವನ್ನು ಪಕ್ಕಕ್ಕಿಟ್ಟು, ಸ್ವಂತ ಸ್ಪ್ಯಾನರ್ ತಂದು, ಕಾರ್ಬ್ಯುರೇಟರಿನ ನಟ್ಟುಗಳನ್ನು ತಾನೇ ಬಿಗಿ ಮಾಡಿದ. ಯಂತ್ರಕ್ಕೇನು ಗೊತ್ತು ಇದು ಯಾರ ಗಾಡಿ ಅಂತ, ಎಂದ. ಆಮೇಲೆ ಪ್ರತಿ ನಟ್ಟಿಗೂ ಒಂದು ಸುತ್ತು ಜಾಸ್ತಿ ಕೊಟ್ಟ.

ಹಾಲಿಸ್ ಮತ್ತು ಆರ್ವಿಲ್ ಹುಡುಗರಾಗಿದ್ದಾಗ ಅರ್ಕನ್ಸಾಸಿನಿಂದ ಒಂದೇ ರೈಲಿನಲ್ಲಿ, ಒಂದೇ ಬುಟ್ಟಿಯ ಕೋಳಿ ಹಂಚಿಕೊಂಡು ತಿನ್ನುತ್ತ ಈ ಊರಿಗೆ ಬಂದವರು. ಆರ್ವಿಲ್ ಎರಕದ ಮನೆ ಸೇರಿದ. ಕಾದ ಕಬ್ಬಿಣದ ಮುಂದೆ ಮೈಯ ನೀರೆಲ್ಲ ಬಸಿದು, ಪದೇ ಪದೇ ಬಿಡುವು ಕೇಳುವುದು ಬೇಡವೆಂದು ನೀರೂ ಕುಡಿಯದೆ, ಮೂತ್ರಪಿಂಡ ಕೈಕೊಡುವವರೆಗೂ ದುಡಿದ. ಹಾಲಿಸ್ ಇಂಜಿನ್ ಜೋಡಿಸುವುದರಲ್ಲೇ ಕೂದಲು ಬೆಳ್ಳಗಾಗಿಸಿಕೊಂಡ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಕೈಕೆಲಸದ ಮೇಲಿನ ಹೆಮ್ಮೆಯನ್ನೇ ಸಂಸಾರದ ಹಾಗೆ ಸಾಕಿಕೊಂಡಿದ್ದ.

ಚಳಿ ಶುರುವಾದ ಮೇಲೆ ಲಿಯೋನಾಳ ಗಾಡಿ ನಡುದಾರಿಯಲ್ಲಿ ಉಸಿರು ಕಟ್ಟಿದ ಹಾಗೆ ನಿಲ್ಲತೊಡಗಿತು. ಕಾರು ಮಾರಿದವರ ಗ್ಯಾರೇಜಿನಲ್ಲಿ, ಚಳಿಗೆ ಎಲ್ಲವೂ ಹೀಗೇ ಎಂದರು. ಕೊನೆಗೆ ಹೊರಗಿನ ಮೆಕ್ಯಾನಿಕ್ ಒಬ್ಬ ಬಿಚ್ಚಿ ನೋಡಿ ಅವಳನ್ನು ಹತ್ತಿರ ಕರೆದ. ಕಾರ್ಬ್ಯುರೇಟರ್ ಕೂರುವ ಎರಕದ ಪೀಠದಲ್ಲಿ ಕೂದಲೆಳೆಯಂಥ ಬಿರುಕು.

"ಯಾವ ರಾಕ್ಷಸ ತಿರುವಿದನಮ್ಮ ಈ ನಟ್ಟನ್ನ?" ಎಂದ ಅವನು. "ಕಾರ್ಬ್ಯುರೇಟರ್ ಬುಡಾನೂ ಸೊಟ್ಟಗಾಗಿದೆ, ಕೆಳಗಿನ ಪೀಠಾನೂ ಸೀಳಿದೆ. ಈ ಬಿರುಕಲ್ಲಿ ಗಾಳಿ ಎಳ್ಕೊಳ್ತಿದೆ, ಅದಕ್ಕೇ ನಿಲ್ತಿದೆ. ಯಂತ್ರದಲ್ಲಿ ಬಿಗಿ ಮಾಡಿದ್ರೆ ಹೀಗಾಗ್ತಿರಲಿಲ್ಲ."

ಹೊಸ ಪೀಠ ಬರುವುದಕ್ಕೆ ವಾರಗಟ್ಟಲೆ ಆಗುತ್ತದೆಂದೂ ಹೇಳಿದ. ಲಿಯೋನಾ ಗಾಡಿಯನ್ನು ಅಲ್ಲೇ ಬಿಟ್ಟು ಬಂದಳು. ಹಿಮ ಬಿದ್ದ ದಿನ ಆ ಬಡಾವಣೆಗೆ ಟ್ಯಾಕ್ಸಿ ಬರುವುದಿಲ್ಲ. ಪಕ್ಕದ ಬೀದಿಯ ತಂಗಿಯ ಮಗಳು ಕೊರೆಟಾ, ಪಾಠ ಹೇಳುವ ಶಾಲೆಗೆ ನಡೆದೇ ಹೋಗುತ್ತೇನೆಂದು ತನ್ನ ಹಳದಿ ಕಾರಿನ ಬೀಗದ ಕೈ ಕೊಟ್ಟಳು. ಬಿರುಕಿನ ವಿಷಯವನ್ನು ಲಿಯೋನಾ ಯಾರಿಗೂ ಹೇಳಲಿಲ್ಲ, ಆರ್ವಿಲ್‌ಗೂ.

ಊಟದ ಹೊತ್ತಿಗೆ ಎಲ್ಲರೂ ಉದ್ದ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದರು. ಯೂನಿಯನ್ನಿನ ಮುಂದಾಳು ಡ್ವೇನ್ ಕಾಸ್ಪರ್ ಕಾಫಿ ಹಿಡಿದು ಬಂದು ನಿಂತುಕೊಂಡೇ ಮಾತು ತೆಗೆದ.

"ಯಾವನೋ ನಮ್ಮ ಅಂಗಳದಲ್ಲಿ ಹಳದಿ ಜಪಾನಿ ಕಾರು ತಂದು ನಿಲ್ಸಿದಾನೆ, ಥೇಟ್ ಮೀನಿನ ತಗಡು ಡಬ್ಬಿ. ಮುಚ್ಚಳ ಸುತ್ತಿ ತೆರೆಯೋ ಚಾವಿ ಜೊತೆಗೇ ಕೊಡ್ತಾರೋ ಏನೋ."

ನಗೆಯೆದ್ದಿತು. ಲಿಯೋನಾ ಜೋಳದ ರೊಟ್ಟಿಯ ಚೂರನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಲೇ ಇದ್ದಳು.

"ಡಬ್ಬಿಯಾದ್ರೂ ಬೆಳಿಗ್ಗೆ ಸ್ಟಾರ್ಟ್ ಆಗ್ತದಲ್ಲ," ಎಂದನೊಬ್ಬ ಬೆಂಚಿನ ಆ ತುದಿಯಿಂದ. "ನನ್ನ ಹೆಂಡ್ತಿ ದಿನಾ ನಮ್ಮ ಗಾಡಿ ಮುಂದೆ ನಿಂತು ಪ್ರಾರ್ಥನೆ ಮಾಡ್ತಾಳೆ."

"ನಿನ್ನ ಹೆಂಡ್ತಿ ನಿನ್ನ ಮುಂದೇನೂ ಅದೇ ಮಾಡ್ತಾಳಂತೆ," ಎಂದ ಡ್ವೇನ್. "ಕೇಳ್ರಪ್ಪ, ಮೇಲಿನೋರು ಕೆಟ್ಟದಾಗಿ ನಕ್ಷೆ ಬರೆದ್ರೆ ನಾವೇನ್ ಮಾಡೋಕಾಗತ್ತೆ? ಕಾಸು ಉಳಿಸೋಕೆ ತಗಡು ತೆಳ್ಳಗೆ ಮಾಡಿದ್ರು. ಅಂಚು ತುಕ್ಕು ಹಿಡೀತು. ಬೈಸ್ಕೊಳ್ಳೋರು ಮಾತ್ರ ನಾವು."

"ಅಂದವೂ ಹೋಯ್ತು," ಎಂದ ಹಾಲಿಸ್. ಅವನ ದನಿ ಮೆತ್ತಗಾಯಿತು. "ಹಿಂದೆ ನಮ್ಮ ಕಾರುಗಳಿಗೆ ಮೀನಿನ ರೆಕ್ಕೆಯಂಥ ಬಾಲ ಇರ್ತಿದ್ವಲ್ಲ, ಭಾನುವಾರ ಚರ್ಚಿಗೆ ಹೋದ್ರೆ ಪಾದ್ರಿ ಪ್ರಸಂಗ ಬಿಟ್ಟು ಕಿಟಕೀಲಿ ನೋಡ್ತಿದ್ದ. ಈಗಿಂದು ನೋಡಿ, ಸೋಪಿನ ತುಂಡು. ಆದ್ರೂ ಹೇಳ್ತೀನಿ, ನಮ್ಮ ಕೈ ಕೆಟ್ಟಿಲ್ಲ. ಮನಸ್ಸಿಟ್ರೆ ಜಪಾನಿನೋನು ನಮ್ಮ ಹತ್ರ ಬಂದು ಪಾಠ ಕಲೀಬೇಕು. ಸಾಕ್ಷಿ ಇಲ್ಲೇ ಕೂತಿದೆ. ಲಿಯೋನಾ, ಹೇಳು ಇವರಿಗೆ. ನಿನ್ನ ಗಾಡಿ ಹೇಗಿದೆ?"

ಬೆಂಚಿಗೆ ಬೆಂಚೇ ಅವಳತ್ತ ತಿರುಗಿತು. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಚೆನ್ನಾಗಿದೆ," ಎಂದಳು.

"ಕೇಳಿದ್ರಾ? ನಾನೇ ಬಿಗಿ ಮಾಡಿದ್ದು. ಪ್ರತಿ ನಟ್ಟಿಗೂ ಒಂದು ಸುತ್ತು ಜಾಸ್ತಿ."

ಮಧ್ಯಾಹ್ನವೆಲ್ಲ ಅವಳ ಸುತ್ತಿಗೆ ತಪ್ಪು ಜಾಗಕ್ಕೆ ಬಿತ್ತು. ಪಾಳಿ ಮುಗಿದ ಗಂಟೆ ಹೊಡೆದಾಗ ಕೈಗವಸು ಹಾಕಿಕೊಳ್ಳುವುದಕ್ಕೂ ನಿಲ್ಲದೆ ಅಂಗಳಕ್ಕೆ ಓಡಿದಳು. ಹಳದಿ ಕಾರು ಇಟ್ಟಲ್ಲೇ ಇತ್ತು. ಮುಂದೆ ಗೋಡೆ. ಹಿಂದೆ ಅಡ್ಡಲಾಗಿ, ಬಂಪರಿಗೆ ತಾಗುವಷ್ಟು ಹತ್ತಿರಕ್ಕೆ, ಡ್ವೇನ್‌ನ ದೊಡ್ಡ ಪಿಕಪ್ ನಿಂತಿತ್ತು. ಅದಕ್ಕೆ ಒರಗಿಕೊಂಡು ಡ್ವೇನ್ ಕಾಯುತ್ತಿದ್ದ, ಪಕ್ಕದಲ್ಲಿ ಹಾಲಿಸ್. ಕೈಯಲ್ಲಿ ಬೀಗದ ಕೈ ಹಿಡಿದು ಬರುತ್ತಿರುವವಳು ಯಾರೆಂದು ಕಂಡಾಗ ಹಾಲಿಸ್ ಒಂದು ಹೆಜ್ಜೆ ಮುಂದೆ ಬಂದ.

"ನೀನಾ?"

"ಕೊರೆಟಾದು ಇದು. ಡ್ವೇನ್, ದಮ್ಮಯ್ಯ ಅಂತೀನಿ, ನಿನ್ನ ಗಾಡಿ ತೆಗಿ. ಆರ್ವಿಲ್‌ನ ಕರ್ಕೊಂಡು ಹೋಗ್ಬೇಕು. ತಡ ಆದ್ರೆ ಅವನ ಕುರ್ಚಿ ಹೋಗತ್ತೆ."

"ತೆಗೀತೀನಿ, ಅದಕ್ಕೇನು," ಎಂದ ಡ್ವೇನ್. ಅವನೇನು ಕೆಟ್ಟವನಲ್ಲ. ಆದರೆ ಪಾಳಿ ಬಿಟ್ಟ ಜನ ಸುತ್ತ ಸೇರತೊಡಗಿದ್ದರು. ನಾಲ್ಕು ಜನದ ಮುಂದೆ ಬೇಗ ಸೋಲುವುದು ಅವನಿಗೆ ಬರುತ್ತಿರಲಿಲ್ಲ. "ಮೊದ್ಲು ಹೇಳು. ಹಲಗೆ ಹಾಕೋಕೆ ನೀನೂ ಕೈ ಎತ್ತಿದ್ದೆ. ನೀನೇ ಹೀಗ್ ಮಾಡಿದ್ರೆ ನಾಳೆ ನಾನು ಯಾವ ಬಾಯಲ್ಲಿ ಬೇರೆಯೋರಿಗೆ ಹೇಳ್ಲಿ?"

"ನಾಳೆ ಬೈಯಿ. ದಂಡ ಹಾಕು. ಈಗ ತೆಗಿ."

"ನಿಲ್ಲು ಡ್ವೇನ್," ಎಂದ ಹಾಲಿಸ್. ಅವನು ಹಳದಿ ಕಾರನ್ನು ನೋಡುತ್ತಲೇ ಇರಲಿಲ್ಲ. "ನಿನ್ನ ಗಾಡಿ ಎಲ್ಲಿ, ಲಿಯೋನಾ? ನಾನು ಕಟ್ಟಿದ್ದು?"

"ಗ್ಯಾರೇಜಲ್ಲಿದೆ."

"ಊಟದಲ್ಲಿ ಚೆನ್ನಾಗಿದೆ ಅಂದೆ."

"ಅಂದೆ."

"ಏನಾಗಿದೆ ಅದಕ್ಕೆ? ನನ್ನ ಕೈಯಿಂದ ಹೋದದ್ದು ಅದು. ನನಗೆ ಹೇಳ್ದೆ ಹೊರಗಿನೋರ ಹತ್ರ ಬಿಚ್ಚಿಸಿದ್ಯಾ? ಏನ್ ತಪ್ಪಿತ್ತು ಅದರಲ್ಲಿ, ಹೇಳು."

ಗಾಳಿ ಹಿಮದ ಪುಡಿಯನ್ನು ಎತ್ತಿ ಅವರ ನಡುವೆ ಹಾಯಿಸಿತು. ನಿಜ ಹೇಳಿಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಾಲಿಸ್ ದಾರಿ ಬಿಡುತ್ತಿದ್ದ, ಡ್ವೇನ್ ತಲೆ ತಗ್ಗಿಸಿ ಪಿಕಪ್ ತೆಗೆಯುತ್ತಿದ್ದ. ಆಮೇಲೆ ಆ ಮುದುಕ ನಾಳೆ ಬೆಳಿಗ್ಗೆ ಯಾವ ಕೈಯಲ್ಲಿ ಸ್ಪ್ಯಾನರ್ ಹಿಡಿಯುತ್ತಾನೆ? ಲಿಯೋನಾ ಅವನ ಕೈ ನೋಡಿದಳು. ಗೆಣ್ಣುಗಳು ಊದಿದ್ದವು, ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು. ಆರ್ವಿಲ್ ಮೊದಲ ಸಲ ಡಯಾಲಿಸಿಸ್‌ಗೆ ಕೂತ ದಿನ ಅವನ ಕಾಲು ಒತ್ತುತ್ತ ಕೂತಿದ್ದ ಕೈ ಅದು.

"ಎರಕದಲ್ಲಿ ಬಿರುಕು," ಎಂದಳು. "ಕಾರ್ಬ್ಯುರೇಟರ್ ಕೂರೋ ಪೀಠ. ಅಚ್ಚಿಂದ ಬರೋವಾಗ್ಲೇ ಕೆಟ್ಟಿತ್ತಂತೆ. ನಿನ್ನ ಕೆಲಸದಲ್ಲೇನೂ ತಪ್ಪಿರಲಿಲ್ಲ ಹಾಲಿಸ್. ಈಗ್ಲಾದ್ರೂ ದಾರಿ ಬಿಡ್ತೀರಾ?"

ಹಾಲಿಸ್‌ನ ಹೆಗಲು ಸಡಿಲವಾಯಿತು. ಮುಖಕ್ಕೆ ನೆತ್ತರು ಮರಳಿತು.

"ಎರಕ," ಎಂದ ಡ್ವೇನ್‌ನ ಕಡೆ ತಿರುಗಿ. "ಹೇಳಿರಲಿಲ್ವಾ ನಾನು? ಜೋಡಿಸೋರ ತಪ್ಪಲ್ಲ. ಎರಕದ ಮನೇಲಿ ಅಚ್ಚಿನ ಮಣ್ಣು ಸರಿಯಾಗಿ ಜರಡಿ ಹಿಡಿಯಲ್ಲ ಈಗ. ಆರ್ವಿಲ್ ಇದ್ದಾಗ ಹೀಗಿರಲಿಲ್ಲ."

"ಆರ್ವಿಲ್ ಇದ್ದಾಗ್ಲೇ ಶುರುವಾಗಿದ್ದು," ಎಂದ ಡ್ವೇನ್. "ಮುಚ್ಚುಮರೆ ಯಾಕೆ? ಎಪ್ಪತ್ತೈದನೇ ಇಸವೀಲೇ ಅಲ್ಲಿಂದ ಬಿರುಕು ಬಿಟ್ಟ ಮಾಲು ಬರ್ತಿತ್ತು. ಅವರ ತಂಡ ಕಣ್ಣು ಮುಚ್ಚಿ ಮುಂದೆ ತಳ್ತಿತ್ತು."

"ಅವನ ವಿಷಯ ಮಾತಾಡ್ಬೇಡ. ಅವನು ಕೆಂಪಗಿರೋ ಕಬ್ಬಿಣ ನೋಡಿ, ಎರಕ ಸರಿಯಿದ್ಯೋ ಇಲ್ವೋ ಅಂತ ಬಣ್ಣದ ಮೇಲೇ ಹೇಳ್ತಿದ್ದ."

"ಹೇಳ್ತಿದ್ದ, ನಿಜ. ಹೇಳಿದ್ದೆಲ್ಲ ಸರಿ ಇರ್ತಿತ್ತಾ? ಲಿಯೋನಾ ಗಾಡೀನೇ ತಗೋ. ಹೆಂಡ್ತಿ ಗಾಡಿಗೆ ಗಂಡ ದುಡಿದ ಎರಕದ ಮನೇನೇ ಕೈ ಕೊಡ್ತು. ಇದಕ್ಕಿಂತ ಸಾಕ್ಷಿ ಬೇಕಾ?"

ಯಾರೋ ನಕ್ಕರು. ಹಿಂದಿನಿಂದ ಇನ್ನೊಬ್ಬ, ಜಪಾನಿನವರು ಎರಕಕ್ಕೆ ಅಲ್ಯೂಮಿನಿಯಂ ಹಾಕುತ್ತಾರಂತೆ ಎಂದ. ಅದು ಮೆತ್ತಗಿರುತ್ತದೆ ಎಂದ ಹಾಲಿಸ್. ಹಗುರ ಇರುತ್ತದೆ ಎಂದ ಮತ್ತೊಬ್ಬ. ಮಾತು ಬೆಂಕಿ ಹತ್ತಿದ ಹುಲ್ಲಿನ ಹಾಗೆ ಅಗಲವಾಯಿತು.

ಗಂಡನ ಮೇಲೆ ಡ್ವೇನ್ ಆಡಿದ ಆ ಒಂದು ಮಾತು ಲಿಯೋನಾಳಿಗೆ ಇನ್ನೂ ಕೇಳಿಸುತ್ತಿತ್ತು. ಒಬ್ಬನ ಕೈ ಉಳಿಸುವುದಕ್ಕೆ ಆಡಿದ ಸುಳ್ಳು ಹೋಗಿ ಹೋಗಿ ಯಾರ ಮೇಲೆ ಬಿದ್ದಿತು. ಮನೆಯಲ್ಲಿ ಆರ್ವಿಲ್ ಈಗ ಕೋಟು ತೊಟ್ಟು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಬಾಗಿಲ ಪಕ್ಕ ಕೂತಿರುತ್ತಾನೆ. ಬೂಟಿನ ದಾರ ಕಟ್ಟಿರುವುದಿಲ್ಲ, ಕಾಲು ಊದಿದಾಗ ದಾರ ಕೂರುವುದಿಲ್ಲ. ಕಾಯುವವರ ಹೆಸರಿನ ಮೇಲೆ ದಾದಿ ಬೆರಳಿಟ್ಟುಕೊಂಡಿರುತ್ತಾಳೆ.

"ಡ್ವೇನ್," ಎಂದಳು. "ಚಾವಿ ಎಲ್ಲಿದೆ?"

"ಒಳಗೆ ಲಾಕರಲ್ಲಿದೆ, ತರಿಸ್ತೀನಿ ತಾಳು. ಮೊದ್ಲು ಇವನಿಗೆ ಉತ್ತರ ಕೊಡ್ತೀನಿ. ಅಲ್ಲಯ್ಯ ಹಾಲಿಸ್, ಅಲ್ಯೂಮಿನಿಯಂ ಮೆತ್ತಗೆ ಅಂತ ನಿನಗೆ ಯಾರು ಹೇಳಿದ್ದು?"

ಆಚೆ ರಸ್ತೆಯಲ್ಲಿ ಎರಡನೇ ಪಾಳಿಯವರ ಕಾರುಗಳು ಇನ್ನೂ ಬರುತ್ತಿದ್ದವು. ದೀಪ ಹೊತ್ತಿಸಿಕೊಂಡು, ಹಿಮದಲ್ಲಿ ಮೆಲ್ಲಗೆ, ಒಂದರ ಹಿಂದೊಂದು.

"ಲಿಯೋನಾ, ನೀನೇ ಹೇಳು," ಎಂದು ಹಾಲಿಸ್ ಅವಳತ್ತ ಕೈ ಚಾಚಿದ. "ಆ ಬಿರುಕು ಎಷ್ಟುದ್ದ ಇತ್ತು? ಎಡಗಡೆನೋ ಬಲಗಡೆನೋ? ಬಲಗಡೆ ಇದ್ರೆ ನಾನು ಒಪ್ಪಿಸ್ತೀನಿ ಇವನಿಗೆ, ಯಾಕಂದ್ರೆ ಬಲಗಡೆ ಅಚ್ಚು—"

ಅವಳು ಆಗಲೇ ನಡೆಯುತ್ತಿದ್ದಳು. ಹಲಗೆಯನ್ನು ದಾಟಿ, ರಸ್ತೆಯ ನಡುವಿಗೆ, ಯಾವುದಾದರೂ ಒಂದು ಕಾರನ್ನು ನಿಲ್ಲಿಸಲು ಎರಡೂ ಕೈ ಮೇಲೆತ್ತಿಕೊಂಡು, ಮೊದಲು ಬರುವ ದೀಪಗಳ ಕಡೆಗೆ.