ಶೀನ ಹೊಡೆದ ಕೊನೆಯ ತಂತಿ

“ಅಪ್ಪ ಏನೂ ಹೇಳದೆ ಹೋಗಿಬಿಟ್ಟರು.” — ಪ್ರತಿ ವರ್ಷ ಶೀನನ ಶ್ರಾದ್ಧದ ದಿನ, ಡೊಂಬಿವಲಿಯ ನಿಮ್ಮ ಮನೆಯಲ್ಲಿ ಎಲೆಯ ಮುಂದೆ ಕುಳಿತವರೆಲ್ಲ ಈ ಮಾತನ್ನು ಹೇಳುತ್ತಾರೆ. ನಾನೂ ತಲೆಯಾಡಿಸಿದ್ದೇನೆ. ಸುಮಾ, ಅದು ಸುಳ್ಳು. ನಿನ್ನ ಅಪ್ಪ ಹೇಳಿದ್ದ. ನಾನು ಓದಿಕೊಂಡಿದ್ದೆ — ಓದಿಕೊಂಡು ನುಂಗಿಬಿಟ್ಟೆ.

ಶೀನನೂ ನಾನೂ ಉಡುಪಿಯ ಕಡೆಯಿಂದ ಬಂದು, ಹೋಟೆಲಿನಲ್ಲಿ ಲೋಟ ತೊಳೆಯುತ್ತಲೇ ಮೋರ್ಸ್ ಸಂಕೇತ ಕಲಿತು, ತಂತಿ ಕಚೇರಿ ಸೇರಿದವರು. ತಂತಿ ಸೇವೆ ನಿಂತ ಮೇಲೆ ‘ಇನ್ನು ಮೋರ್ಸ್ ಯಾರಿಗೆ ಬೇಕು’ ಎಂದವರೊಡನೆಲ್ಲ ನಾನು ವಾದಕ್ಕಿಳಿಯುತ್ತಿದ್ದೆ. ಲೋಕಲ್ ರೈಲಿನಲ್ಲಿ ಎದುರು ಕುಳಿತವರನ್ನೂ ಬಿಡಲಿಲ್ಲ. ಟವರು ಬಿದ್ದೀತು, ಬ್ಯಾಟರಿ ಮುಗಿದೀತು. ಒಂದು ಬೆರಳು ಆಡುತ್ತಿದ್ದರೆ ಮನುಷ್ಯ ಮಾತನಾಡಬಲ್ಲ ಎನ್ನುತ್ತಿದ್ದೆ. ಅಂಥದೊಂದು ಬೆರಳಿನೆದುರು ನಾನೇ ನಿಲ್ಲಬೇಕಾಗುವುದೆಂದು —

ಕಲ್ಯಾಣದ ಆ ಆಸ್ಪತ್ರೆ ನಿನಗೆ ನೆನಪಿದೆ. ಮೆದುಳಿನಲ್ಲಿ ರಕ್ತಸ್ರಾವ, ಮಾತು ನಿಂತಿತ್ತು, ದೇಹ ಅಲುಗುತ್ತಿರಲಿಲ್ಲ. ಡಾಕ್ಟರು ತಲೆಯ ಆಪರೇಷನ್ನಿನ ಮಾತೆತ್ತಿದರು, ಭರವಸೆ ಮಾತ್ರ ಕೊಡಲಿಲ್ಲ. ನಿನ್ನ ಅಣ್ಣ ಪ್ರಕಾಶ ಅಳುಕಿದ. ಮಾಡಿಸಲೇಬೇಕೆಂದು ಹಟ ಹಿಡಿದವನು ನಾನು — ಪುಸ್ತಕ ತಿರುವಿ ವೈದ್ಯವನ್ನೂ ಬಲ್ಲೆನೆಂದುಕೊಂಡಿದ್ದ ನಾನು. ನನ್ನ ಮಾತು ನಂಬಿ ಅವನು ಸಹಿ ಹಾಕಿದ.

ಸ್ವಲ್ಪ ಹೊತ್ತಿಗೆ ಶೀನನ ತೋರುಬೆರಳು ಮಂಚದ ಕಂಬಿಯ ಮೇಲೆ ಆಡತೊಡಗಿತು.

“ಮಾಮಾ, ಅಪ್ಪ ಎಂತದೋ ಹೇಳ್ತಿದ್ದಾರೆ. ಇದು ನಿಮ್ಮ ತಂತಿ ಅಲ್ವಾ?” ಎಂದೆ ನೀನು.

“ಅರೇ, ಡಾಕ್ಟರ್ ಹೇಳಿದ್ರಲ್ಲ, ನಸ ಎಳೀತದೆ ಅಂತ,” ಎಂದ ಪ್ರಕಾಶ. “ವಾಟ್ಸಾಪ್ ಜಮಾನದಲ್ಲಿ ಅಪ್ಪ ತಾರ್ ಹೊಡೀತಾರಾ?”

ಇಬ್ಬರೂ ನನ್ನ ಮುಖ ನೋಡಿದಿರಿ.

ಬೆರಳು ಹೊಡೆಯುತ್ತಿದ್ದುದು ಇಂಗ್ಲಿಷಿನ ಅಕ್ಷರಗಳು. ‘ನೋ ಕಟ್. ಹೋಮ್.’ ಕೊಯ್ಯಬೇಡಿ, ಮನೆಗೆ ಒಯ್ಯಿರಿ. ಪದಕ್ಕಿಷ್ಟೆಂದು ದರವಿದ್ದ ಕಾಲದವನು — ಒಂದಕ್ಷರ ಹೆಚ್ಚಿರಲಿಲ್ಲ.

“ಅಲ್ಲ ಮಗಾ. ಅದು ಬರೀ ನರ,” ಎಂದೆ.

ಅವನು ನಿಲ್ಲಿಸಲಿಲ್ಲ. ಅದೇ ಮಾತು, ಮತ್ತೆ, ಮತ್ತೆ. ನಮ್ಮ ಕೆಲಸದಲ್ಲಿ ಹಾಗೆಯೇ: ಓದಿಕೊಂಡವನು ‘ಮುಟ್ಟಿತು’ ಎಂಬ ಸಂಕೇತ ಮರಳಿಸುವವರೆಗೆ ಕಳಿಸುವವನು ಬಿಡುವುದಿಲ್ಲ. ಹೊರಗೆ ಟ್ರಾಲಿ ಬಂದು ನಿಂತ ಸದ್ದಾಯಿತು. ಆ ಬೆರಳು ಇನ್ನೂ — ನಾನು ಬಾಗಿ ಅವನ ಮುಂಗೈಯ ಮೇಲೆ ಬಡಿದೆ. ಗಿಡ್ಡ, ಉದ್ದ, ಗಿಡ್ಡ. ಸಮಾಧಾನಕ್ಕೆ ತಟ್ಟಿದೆನೆಂದು ನೀವು ತಿಳಿದಿರಿ. ಅದು ‘ಮುಟ್ಟಿತು’.

ಬೆರಳು ನಿಂತಿತು. ಅವನು ಕಣ್ಣು ಮುಚ್ಚಿದ. ಇನ್ನು ನಾನು ನಿಮಗೆ ಹೇಳುತ್ತೇನೆಂದು, ಹೇಳಿಯೇ ಹೇಳುತ್ತೇನೆಂದು ನಂಬಿ, ಆ ಟ್ರಾಲಿಯ ಮೇಲೆ ಹೋದ. ಜೀವಂತ ಹಿಂತಿರುಗಲಿಲ್ಲ.

ಮನೆಗೆ ಕರೆತಂದಿದ್ದರೆ ಉಳಿಯುತ್ತಿದ್ದನೇ — ಅದು ನನ್ನ ಪ್ರಶ್ನೆಯಲ್ಲ, ಅದರ ಹಿಂದೆ ಅಡಗಲಾರೆ. ನನ್ನ ಹಟ ಸೋಲಬಾರದಿತ್ತು. ಅದಕ್ಕಾಗಿ ನಿಮ್ಮ ವಿಳಾಸದ ತಂತಿಯನ್ನು ತಡೆಹಿಡಿದೆ.

ನನ್ನ ಮಾತನ್ನೂ ಸುಮ್ಮನೆ ನಂಬಬೇಡ. ಡಾಕ್ಟರಿಗೆ ತೋರಿಸಲೆಂದು ಆಗ ನೀನು ತೆಗೆದ ವಿಡಿಯೊ, ನೀನು ಡೊಂಬಿವಲಿ ಬಿಟ್ಟು ಘಣಸೋಲಿಗೆ ಹೋದ ಮೇಲೂ ನಿನ್ನ ಫೋನಿನಲ್ಲಿದೆ. ಮೋರ್ಸ್ ಪಟ್ಟಿ ಅದೇ ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ. ಬೆರಳು ಥಟ್ಟನೆ ಎದ್ದರೆ ಗಿಡ್ಡ, ಒತ್ತಿ ನಿಂತರೆ ಉದ್ದ. ಅಕ್ಷರಕ್ಕಕ್ಷರ ಬರೆದುಕೋ, ಪ್ರಕಾಶನಿಗೂ ತೋರಿಸು. ಕೊನೆಯಲ್ಲಿ ನನ್ನ ಕೈ ಕಾಣುತ್ತದೆ. ಅದನ್ನೂ ಬರೆದುಕೋ. ಅದಾದ ಮೇಲೆ ನಿನ್ನ ಅಪ್ಪನ ಬೆರಳು ಅಲುಗುವುದಿಲ್ಲ.