ತುಳಸಕ್ಕನ ಕೆಂಡ, ನನ್ನ ಉಗಿ

ನಮ್ಮ ಕರೋಶಿಯಲ್ಲಿ ಇಸ್ತ್ರಿ ಮಾಡುವವರು ಇಬ್ಬರು. ಒಬ್ಬ ಬಸ್ ಸ್ಟ್ಯಾಂಡಿನ ಹತ್ತಿರ ಕರೆಂಟಿನ ಇಸ್ತ್ರಿ ಇಟ್ಟುಕೊಂಡಿದ್ದಾನೆ, ಕರೆಂಟು ಹೋದರೆ ಅವನೂ ಎದ್ದು ಹೋಗುತ್ತಾನೆ. ಇನ್ನೊಬ್ಬಳು ತುಳಸಕ್ಕ. ಅವಳದು ಕೆಂಡದ ಇಸ್ತ್ರಿ. ಶಾಲೆಯ ಗೋಡೆಗೆ ಹೊಂದಿಸಿದ ಒಂದು ಟೇಬಲ್ಲು, ತಲೆಯ ಮೇಲೆ ತಗಡು, ಪಕ್ಕದಲ್ಲಿ ಇದ್ದಿಲಿನ ಚೀಲ. ಅವಳ ಎದುರಿಗೇ ನನ್ನ ಮನೆ, ಮನೆಯ ಮುಂದಿನ ಕೋಣೆಯಲ್ಲಿ ಸೀರೆಗಳಿಗೆ ಅಂಚು ಹೊಲಿಯುವ ನನ್ನ ಫಾಲ್-ಪಿಕೋ ಅಂಗಡಿ. ಹದಿನೈದು ವರ್ಷ ನಾನು ಅವಳ ಹೊಗೆ ಕುಡಿದಿದ್ದೇನೆ, ಅವಳು ನನ್ನ ಬೈಗುಳ ಕೇಳಿದ್ದಾಳೆ. ಈಗ ಇಬ್ಬರಿಗೂ ಅದಿಲ್ಲದೆ ಹೊತ್ತು ಹೋಗುವುದಿಲ್ಲ.

ಬೆಳಿಗ್ಗೆ ಮಾಸ್ತರರ ಪ್ಯಾಂಟು, ಮಕ್ಕಳ ಯೂನಿಫಾರ್ಮು. ಮಧ್ಯಾಹ್ನ ಟೇಬಲ್ಲಿನ ಕೆಳಗೆ ಚಾಪೆ ಹಾಸಿಕೊಂಡು, ಹಳೆ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಾಳೆ. ಗಂಡ ಮಾಯಪ್ಪ ರಾಯಬಾಗದ ಕಡೆ ಬೆಲ್ಲದ ಗಾಣದಲ್ಲಿ ಒಲೆಗೆ ಉರಿ ಹಾಕುವ ಕೆಲಸ ಮಾಡುತ್ತಿದ್ದ. ಅವನು ತೀರಿಕೊಂಡ ವರ್ಷವೇ ಅವಳು ಈ ಟೇಬಲ್ಲು ಹಾಕಿದ್ದು. ಅದಕ್ಕಿಂತ ಹೆಚ್ಚು ಅವನ ವಿಷಯ ಅವಳು ಹೇಳಿದ್ದಿಲ್ಲ, ನಾನು ಕೆದಕಿದ್ದೂ ಇಲ್ಲ. ನಾನು ಕೆದಕದೆ ಬಿಟ್ಟ ವಿಷಯ ಊರಲ್ಲಿ ಅದೊಂದೇ ಇರಬೇಕು.

ಕೌದಿಯ ಅರಿವೆಗೆ ಇಸ್ತ್ರಿ ಮಾಡುವಾಗ ಮಾತ್ರ ತುಳಸಕ್ಕ ಬೇರೆಯೇ ಹೆಂಗಸು. ಅಂಗಿಯ ಮೇಲೆ ಸರಸರ ಓಡಿಸುವ ಇಸ್ತ್ರಿಯನ್ನು ಹಳೆ ಸೀರೆಯ ತುಂಡಿನ ಮೇಲೆ ಒಂದು ಬೆರಳಿನಷ್ಟೂ ಎಳೆಯುವುದಿಲ್ಲ. ಮೇಲೊಂದು ತೆಳು ಬಟ್ಟೆ ಹಾಸುತ್ತಾಳೆ, ಇಸ್ತ್ರಿ ಇಡುತ್ತಾಳೆ, ಎತ್ತುತ್ತಾಳೆ, ಮುಂದೆ ಇಡುತ್ತಾಳೆ. ಒಂದು ಸೀರೆಗೆ ಅರ್ಧ ತಾಸು. ಒಮ್ಮೆ ಅವಳಿಗೆ ಸಹಾಯ ಮಾಡುತ್ತೇನೆಂದು ಹೋಗಿ ನಾನು ಸರ್ರನೆ ಎಳೆದೆ. ಕೈ ಹಿಡಿದುಕೊಂಡಳು.

"ಎಳೀಬ್ಯಾಡವಾ ಸುಂದರಾ. ಒತ್ತು, ಎತ್ತು, ಮುಂದಿಡು. ಎಳದರ ಅರಬಿ ಸೊಟ್ಟ ಬರತೈತಿ, ಆಮ್ಯಾಲ ಇಡೀ ಕೌದಿ ಸೊಟ್ಟ."

ಕಳೆದ ದೀಪಾವಳಿಗೆ ನನ್ನ ಅಳಿಯ ವಿಕ್ರಾಂತ ಚಿಕ್ಕೋಡಿಯಿಂದ ಸ್ಟೀಮ್ ಇಸ್ತ್ರಿ ತಂದುಕೊಟ್ಟ. ಹೊಟ್ಟೆಯಲ್ಲಿ ನೀರು ತುಂಬಿ ಗುಂಡಿ ಒತ್ತಿದರೆ ಬುಸ್ಸೆಂದು ಉಗಿ ಬಿಡುತ್ತದೆ. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆ ದಾಟಿ ಹೋಗಿ ತುಳಸಕ್ಕನಿಗೆ ತೋರಿಸಿದೆ. ಅವಳು ಅದರ ತಳ ಮುಟ್ಟಿ ನೋಡಿ, ಇದೇನು ಇಸ್ತ್ರಿಯೋ ಇಡ್ಲಿ ಪಾತ್ರೆಯೋ ಎಂದು ಕೇಳಿದಳು. ಅರಿವೆಗೆ ಬಿಸಿ ಬೇಕು, ಸ್ನಾನ ಬೇಡ ಎಂದಳು. ನನಗೆ ಮೈ ಉರಿಯಿತು. ಎರಡು ದಿನ ಅವಳಿಗೆ ಚಹಾ ಕೊಡಲಿಲ್ಲ.

ಇಷ್ಟಾದ ಮೇಲೆ ಬಂದದ್ದು ನನ್ನ ಮಗಳು ಸ್ನೇಹಲಳ ಬಾಣಂತನ. ಹೆಣ್ಣು ಕೂಸು. ಅದಕ್ಕೆ ಕೌದಿ ಹೊಲಿಸಬೇಕಿತ್ತು, ಅದರಲ್ಲಿ ನನ್ನ ಅವ್ವನ ಹಸಿರು ಸೀರೆ ಇರಲೇಬೇಕಿತ್ತು.

ನಮ್ಮವ್ವ ಸಾವಕ್ಕ, ಸ್ನೇಹಲಳ ಆಯಿ, ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಮೂವತ್ತು ವರ್ಷ ದುಡಿದವಳು. ಎಲೆ ಬಡಿದು, ಜರಡಿ ಹಿಡಿದು, ಸಂಜೆ ಮನೆಗೆ ಬಂದರೆ ಅವಳಿಗಿಂತ ಮೊದಲು ಅವಳ ತಂಬಾಕಿನ ಘಾಟು ಬಾಗಿಲೊಳಗೆ ಬರುತ್ತಿತ್ತು. ಸಣ್ಣವಳಿದ್ದಾಗ ಅವಳ ಸೆರಗಿನಲ್ಲಿ ಮುಖ ಹುದುಗಿಸಿ ಸೀನುತ್ತಿದ್ದೆ, ಸೀನುತ್ತಲೇ ನಿದ್ದೆ ಹೋಗುತ್ತಿದ್ದೆ. ಅವಳು ಹೋಗಿ ಆರು ವರ್ಷ. ಒಳ್ಳೆಯ ಸೀರೆಗಳನ್ನು ಅತ್ತಿಗೆಯರು ಹಂಚಿಕೊಂಡರು. ಕೆಲಸಕ್ಕೆ ಉಡುತ್ತಿದ್ದ ಈ ಹಸಿರು ಸೀರೆ ಯಾರಿಗೂ ಬೇಕಾಗಲಿಲ್ಲ, ನಾನು ಎತ್ತಿಕೊಂಡು ಬಂದು ಟ್ರಂಕಿನಲ್ಲಿಟ್ಟೆ, ಒಗೆಯಲೂ ಇಲ್ಲ. ಅವ್ವನದೆಂದು ನನ್ನ ಹತ್ತಿರ ಉಳಿದದ್ದು ಅದೊಂದೇ.

ಅದನ್ನೂ ಬೇರೆ ಬೇರೆ ಬಣ್ಣದ ನನ್ನ ನಾಲ್ಕು ಸೀರೆಗಳನ್ನೂ ತುಳಸಕ್ಕನಿಗೆ ಕೊಟ್ಟೆ. ಅವ್ವನದನ್ನು ಒಗೆಯಬೇಡ ಎಂದೆ. ಅದನ್ನೇ ಮೇಲೆ ಹಾಕಬೇಕು, ತೊಟ್ಟಿಲಿಗೆ ಬಂದವರ ಕಣ್ಣಿಗೆಲ್ಲ ಕಾಣಬೇಕು ಎಂದೂ ಹೇಳಿದೆ. ಅವಳು ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಅಲ್ಲಲ್ಲಿ ನೂಲು ಸವೆದು ಬೆಳಕು ಕಾಣುತ್ತಿತ್ತು. "ನೋಡೂಣು" ಎಂದಳು, ಅಷ್ಟೇ.

ಕೂಸಿಗೆ ಹೆಸರಿಡುವ ತೊಟ್ಟಿಲ ಕಾರ್ಯಕ್ಕೆ ಮೂರು ದಿನ ಇತ್ತು. ಕೌದಿ ಎಲ್ಲಿಗೆ ಬಂತೆಂದು ನೋಡಲು ಹೋದೆ. ತುಳಸಕ್ಕ ಇದ್ದಿಲು ತರಲು ಹೋಗಿದ್ದಳು. ಟೇಬಲ್ಲಿನ ಕೆಳಗೆ, ಚಾಪೆಯ ಅಂಚಿಗೆ, ಒಂದು ಹಸಿರು ತುಂಡು ಬಿದ್ದಿತ್ತು. ಎತ್ತಿದೆ. ನಟ್ಟನಡುವೆ ಇಸ್ತ್ರಿಯ ಮೂತಿಯ ಆಕಾರದಲ್ಲಿ ಕಂದು ಕಲೆ, ಸುಟ್ಟ ಕಲೆ. ಬೆರಳು ತಾಗಿಸಿದರೆ ಪುಡಿಯಾಗುವಷ್ಟು ಸುಟ್ಟಿತ್ತು.

ಕೆಂಡ ಹೆಚ್ಚಾಗಿದೆ, ಅವ್ವನ ಸೀರೆ ಸುಟ್ಟುಬಿಟ್ಟಿದ್ದಾಳೆ ಅಂದುಕೊಂಡೆ. ಅಲ್ಲೇ ನಿಂತು ಅವಳು ಬರುವವರೆಗೆ ಕಾದು ಕೇಳಬಹುದಿತ್ತು. ಬೇರೆ ಏನಾದರೂ ಆಗಿದ್ದರೆ ಓಣಿ ಒಂದಾಗುವಂತೆ ಕೂಗುತ್ತಿದ್ದೆ, ಎಲ್ಲರಿಗೂ ಗೊತ್ತು. ಇದೊಂದಕ್ಕೆ ಬಾಯಿ ಬರಲಿಲ್ಲ. ಕೇಳಿದರೆ ಹೌದು ಅಂದುಬಿಡುತ್ತಾಳೆ, ಅಂದರೆ ಸೀರೆ ನಿಜಕ್ಕೂ ಹೋಯಿತು. ತುಂಡನ್ನು ಇದ್ದಲ್ಲೇ ಇಟ್ಟು ಮನೆಗೆ ಬಂದೆ. ತಾನಾಗಿ ಬಂದು ಹೇಳಲಿ ಎಂದು ಹಟ ಹಿಡಿದೆ. ಆ ಮೂರು ದಿನ ಅಂಗಡಿಯ ಬಾಗಿಲು ಅರ್ಧ ಮುಚ್ಚಿದೆ, ಹಿಂದಿನ ಬಾಗಿಲಿನಿಂದ ಹೊರಬಿದ್ದು ಹಿಂದಿನ ಓಣಿಯಲ್ಲೇ ಓಡಾಡಿದೆ. ಅವಳು ಬಂದು ಹೇಳಲೂ ಇಲ್ಲ.

ಕಾರ್ಯದ ದಿನ ನಾನು ಜಳಕಕ್ಕೆ ಹೋಗಿದ್ದಾಗ ತುಳಸಕ್ಕ ಬಂದು ಗಂಟನ್ನು ಸ್ನೇಹಲಳ ಕೈಗೆ ಕೊಟ್ಟಳಂತೆ. ಸತ್ತಿ ಎಂಬ ಊರಲ್ಲಿರುವ ಅವಳ ತಂಗಿಗೆ ಮೈಯಲ್ಲಿ ಹುಷಾರಿಲ್ಲವೆಂದು ಫೋನು ಬಂದಿತ್ತಂತೆ, ಬಸ್ಸು ಹಿಡಿಯುವ ಅವಸರ. ಗಂಟಿನಲ್ಲಿ ಮಡಿಕೆ ಬಿದ್ದಿದೆ, ಒಮ್ಮೆ ಒತ್ತಿ ಹಾಸಿರಿ ಎಂದಷ್ಟೇ ಹೇಳಿ ಓಡಿದಳಂತೆ.

ಗಂಟು ಬಿಚ್ಚಿದೆ. ಕೆಂಪು, ಹಳದಿ, ನೀಲಿ, ಗುಲಾಬಿ. ಮೂಲೆಗಳಲ್ಲಿ ಮುಕ್ಕೋನ, ಇರುವೆ ಸಾಲಿನಂಥ ಹೊಲಿಗೆ. ಹಸಿರಿಲ್ಲ. ತಿರುವಿ ಹಾಕಿದೆ. ಆ ಕಡೆಯೂ ಹಸಿರಿಲ್ಲ.

ಆಗ ನನ್ನ ಬಾಯಿ ಬಿಚ್ಚಿತು. ಏನೇನು ಅಂದೆನೋ ಈಗ ಬರೆಯಲು ನಾಚಿಕೆ. ಸುಟ್ಟಳು, ಮುಚ್ಚಿಟ್ಟಳು, ಮುಖ ತೋರಿಸಲಾಗದೆ ಬಸ್ಸು ಹತ್ತಿದಳು, ತಂಗಿಯ ಕಾಯಿಲೆಯೂ ಸುಳ್ಳೇ ಇರಬೇಕು ಎಂದೆಲ್ಲ. ಫೋನು ಹಚ್ಚಿದರೆ ಸ್ವಿಚ್ ಆಫ್. ಅವಳು ಅದಕ್ಕೆ ಚಾರ್ಜು ಹಾಕುವುದನ್ನು ಮರೆಯುವುದು ಯಾವಾಗಲೂ ಇದ್ದದ್ದೇ, ಆದರೆ ಆ ದಿನ ಅದೂ ಕಳ್ಳತನವಾಗಿ ಕಂಡಿತು. ಸ್ನೇಹಲ ಕೂಸನ್ನು ಎದೆಗವಚಿಕೊಂಡು ಕೂತಿದ್ದಳು. ಕೊನೆಗೆ, ಜನ ಬರುವ ಹೊತ್ತಾಯಿತು, ಬೈಯುವುದನ್ನು ಆಮೇಲೆ ಬೈ, ಮೊದಲು ಇದನ್ನು ಒತ್ತಿ ಕೊಡು ಎಂದಳು. ತೊಟ್ಟಿಲಿಗೆ ಹಾಸಲು ಬೇರೆ ಕೌದಿ ಇರಲಿಲ್ಲ.

ಸಿಟ್ಟಿನಿಂದಲೇ ಸ್ಟೀಮ್ ಇಸ್ತ್ರಿ ಹಚ್ಚಿದೆ. ನೀರು ತುಂಬಿ, ಕೌದಿಯನ್ನು ಪಿಕೋ ಟೇಬಲ್ಲಿನ ಮೇಲೆ ಎಸೆದು, ಒಂದು ಮೂಲೆಯಲ್ಲಿ ಒತ್ತಿ ಗುಂಡಿ ಅದುಮಿದೆ. ಉಗಿ ಬುಸ್ಸೆಂದಿತು. ಇಸ್ತ್ರಿ ಎತ್ತಿದೆ.

ಮೂಗಿಗೆ ಘಾಟು ಹೊಡೆಯಿತು. ಸೀನು ಬಂತು, ಸಣ್ಣವಳಿದ್ದಾಗ ಬರುತ್ತಿದ್ದಂಥದೇ ಸೀನು. ಒಳಗಿನ ಕೋಣೆಯಿಂದ ಸ್ನೇಹಲ ಕೂಸಿನ ಸಮೇತ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಅವ್ವಾ, ಆಯಿ ವಾಸನಿ ಬಂತಲ್ಲ."

ಮತ್ತೊಂದು ಮೂಲೆಯಲ್ಲಿ ಒತ್ತಿದೆ. ತಂಬಾಕು. ನಡುವೆ ಒತ್ತಿದೆ. ತಂಬಾಕು. ಕೆಂಪಿನ ಕೆಳಗೆ, ಹಳದಿಯ ಕೆಳಗೆ, ನೀಲಿಯ ಕೆಳಗೆ, ಅಂಚಿನಿಂದ ಅಂಚಿಗೆ ಅವ್ವ ಒಳಗೆ ಮಲಗಿದ್ದಳು. ಸೀರೆ ಸುಟ್ಟಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ಸ್ಟೂಲಿನ ಮೇಲೆ ಕುಳಿತು ಕೌದಿಯಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ಅಳುತ್ತಲೇ ನಗು ಬಂತು, ನಡುನಡುವೆ ಸೀನೂ ಬಂತು. ಸ್ನೇಹಲ ನನ್ನನ್ನು ನೋಡಿ ತಾನೂ ನಕ್ಕಳು.

ಜನ ಬರುವ ಹೊತ್ತಿಗೆ ಕೌದಿ ಆರಿತ್ತು, ಘಾಟು ಮತ್ತೆ ಒಳಗೆ ಸೇರಿಕೊಂಡಿತ್ತು. ಕೂಸಿಗೆ ಸಪನಾ ಎಂದು ಹೆಸರಿಟ್ಟೆವು. ಹಸಿರು ಸೀರೆ ಯಾರ ಕಣ್ಣಿಗೂ ಕಾಣಲಿಲ್ಲ, ನಾನು ಯಾರಿಗೂ ಹೇಳಲೂ ಇಲ್ಲ. ಕೂಸು ಮಾತ್ರ ಅದರ ಮೇಲೆ ಗಡದ್ದಾಗಿ ನಿದ್ದೆ ಮಾಡಿತು.

ಎರಡು ದಿನದ ಮೇಲೆ ತುಳಸಕ್ಕ ಸತ್ತಿಯಿಂದ ಬಂದಳು. ತಂಗಿ ಎದ್ದು ಕೂತಿದ್ದಳಂತೆ. ಚಹಾ ಹಿಡಿದು ರಸ್ತೆ ದಾಟಿ ಹೋದೆ. ಮೊದಲು ತಪ್ಪೊಪ್ಪಿಕೊಳ್ಳಬೇಕೆಂದುಕೊಂಡಿದ್ದೆ, ಬಾಯಿಂದ ಬಂದದ್ದು ಜಗಳವೇ. ಮೇಲೆ ಹಾಕು ಎಂದರೆ ಒಳಗೆ ಯಾಕೆ ಹಾಕಿದೆ, ಮತ್ತೆ ಆ ಸುಟ್ಟ ಹಸಿರು ತುಂಡು ಯಾವುದು ಎಂದು ಕೇಳಿದೆ.

ಅವಳು ಟೇಬಲ್ಲಿನ ಕೆಳಗೆ ಬಾಗಿ ಆ ತುಂಡನ್ನು ತೆಗೆದು ನನ್ನ ಮುಂದೆ ಹಿಡಿದಳು. ಅದು ಅವಳದೇ ಒಂದು ಹಳೆ ಹಸಿರು ಸೀರೆಯ ಸೆರಗು. ಅವ್ವನ ಸೀರೆಗೆ ಕೆಂಡದ ಬಿಸಿ ನೇರ ತಾಗಬಾರದೆಂದು ಮೇಲೆ ಹಾಸಿದ್ದಳು. ಒಂದು ಕಡೆ ಕಾವು ಹೆಚ್ಚಾಗಿ ಅವಳದು ಸುಟ್ಟಿತು, ಅವ್ವನದು ಉಳಿಯಿತು.

"ಮ್ಯಾಲ ಹಾಕಿದ್ದರ ಒಂದ ವರ್ಷದಾಗ ಚಿಂದಿ ಆಗತಿತ್ತ. ಒಳಗ ನಾಕ ಮಡಿಕಿ ಮಾಡಿ ಇಟ್ಟೀನಿ, ಕತ್ತರಿ ಹಚ್ಚಿಲ್ಲ. ಕೂಸು ದೊಡ್ಡಾಕಿ ಆದ ಮ್ಯಾಲ ಹೊಲಿಗಿ ಬಿಚ್ಚಿದರ ಇಡೀ ಸೀರಿ ಕೈಗೆ ಬರತೈತಿ. ಮೂರ ದಿನ ಹಿಂದಿನ ಓಣಿಗುಂಟ ಅಡ್ಯಾಡಿದಿ. ಒಂದ ಮಾತ ಕೇಳಿದ್ದರ ಹೇಳತಿದ್ದೆ."

ತಲೆ ತಗ್ಗಿಸಿದೆ. ಅವಳ ಬಗ್ಗೆ ಅಂದದ್ದನ್ನೆಲ್ಲ ಹೇಳಿದೆ, ಸುಳ್ಳಿ ಅಂದದ್ದನ್ನೂ ಬಿಡದೆ ಹೇಳಿದೆ. ಅವಳು ಚಹಾ ಕುಡಿಯುತ್ತ ಕೇಳಿದಳು, ಇದರಲ್ಲಿ ಹೊಸದೇನೂ ಇಲ್ಲ ಎನ್ನುವಂತೆ. ಆಮೇಲೆ ಉಗಿಯ ವಿಷಯ ಹೇಳಿದೆ, ತಂಬಾಕಿನ ಘಾಟು ಎದ್ದು ಬಂದದ್ದನ್ನು ಹೇಳಿದೆ. ಅವಳ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಎಷ್ಟು ಹೊತ್ತು ಒತ್ತಿದೆ, ಮೇಲೆ ಬಟ್ಟೆ ಹಾಸಿದ್ದೆಯಾ ಎಂದೆಲ್ಲ ಕೇಳಿದಳು. ತನ್ನ ಒಣ ಇಸ್ತ್ರಿಗೆ ಅಂಥದ್ದೇನೂ ಬಂದಿರಲಿಲ್ಲ ಎಂದಳು.

ಮರುದಿನ ಮಧ್ಯಾಹ್ನ ಅವಳು ಒಂದು ಹಳೆ ಕೌದಿಯನ್ನು ಕಂಕುಳಲ್ಲಿ ಹಿಡಿದು ನನ್ನ ಅಂಗಡಿಗೆ ಬಂದಳು. ಅಂಚು ಹರಿದು, ಬಣ್ಣ ಹೋಗಿ, ಎಷ್ಟೋ ಸಲ ಒಗೆದ ಕೌದಿ. ಟೇಬಲ್ಲಿನ ಮೇಲೆ ಬಿಡಿಸಿ ಹಾಸಿದಳು.

"ಇದರಾಗ ನಮ್ಮವರ ಧೋತರ ಐತಿ. ಗಾಣದಾಗ ಉಡತಿದ್ರು. ನಿನ್ನ ಆ ಇಡ್ಲಿ ಪಾತ್ರಿ ಹಚ್ಚ ಸ್ವಲ್ಪ."

ನೀರು ತುಂಬಿ ಕಾಯಿಸಿದೆ. ಅವಳು ಹೇಳಿಕೊಟ್ಟ ಹಾಗೆ ಎಳೆಯದೆ, ಒತ್ತಿ, ಎತ್ತಿ, ಮುಂದಿಟ್ಟು ಒತ್ತಿದೆ. ಪ್ರತಿ ಸಲ ಇಸ್ತ್ರಿ ಎತ್ತಿದಾಗ ಅವಳು ಬಾಗಿ ಮುಖ ಒಡ್ಡಿದಳು. ನನ್ನ ಮೂಗಿಗೆ ಬಂದದ್ದು ಬಿಸಿ ಅರಿವೆಯ ವಾಸನೆ, ಸೋಪಿನ ವಾಸನೆ, ಅಷ್ಟೇ. ನಾಲ್ಕನೇ ಸಲಕ್ಕೆ ತುಳಸಕ್ಕ ಕಣ್ಣು ಮುಚ್ಚಿದಳು.

"ಬಂತ ನೋಡು. ಬೆಲ್ಲದ ಹೊಗಿ."

ಬಾಯಿಗೆ ಬಂದದ್ದನ್ನು ತಡೆಯುವುದು ನನಗೆ ಅಭ್ಯಾಸವಿಲ್ಲ. ಆ ದಿನ ತಡೆದೆ. ಹೌದು, ಬಂತು ಎಂದೆ. ಅವಳು ಇನ್ನೊಮ್ಮೆ ಒತ್ತು ಎಂದಳು, ನಾನು ಮತ್ತೆ ನೀರು ತುಂಬಿ ಒತ್ತಿದೆ.